ತಲೆ ತಾಗುವ ಹಳೆಯ ಮನೆಯ ನೆಲವನ್ನು ತಗ್ಗಿಸಬಹುದೇ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ಮನೆ ಅಜ್ಜನ ಕಾಲದ್ದು. ಮಣ್ಣಿನ ಗೋಡೆ, ಕಾಡುಕಲ್ಲಿನ ಪಾಯ, ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ ಮತ್ತು ಹೆಂಚಿನ ಮಾಡು. ನಡುಮನೆಯಲ್ಲಿ ನೆಲದಿಂದ ತೊಲೆಯವರೆಗೆ ಇರುವುದು 7 ಅಡಿ ಮಾತ್ರ. ಫ್ಯಾನ್ ತೂಗುಹಾಕುವಂತಿಲ್ಲ, ಸೆಕೆಗಾಲದಲ್ಲಿ ಅಲ್ಲಿ ಕೂರುವುದೇ ಕಷ್ಟ. ಮನೆಯ ನೆಲ ಅಂಗಳಕ್ಕಿಂತ ಎರಡೂವರೆ ಅಡಿ ಎತ್ತರದಲ್ಲಿರುವುದರಿಂದ, 12 ಅಡಿ ಅಗಲ 16 ಅಡಿ ಉದ್ದದ ಆ ಕೋಣೆಯನ್ನು ಒಂದೂವರೆ ಅಡಿ ಅಗೆದು ತಗ್ಗಿಸಿ ಟೈಲ್ಸ್ ಹಾಕಿಕೊಡುವುದಾಗಿ ಮೇಸ್ತ್ರಿಯೊಬ್ಬರು ಹೇಳುತ್ತಿದ್ದಾರೆ. ನಮ್ಮ ದೊಡ್ಡಪ್ಪನವರಿಗೆ ಇದು ಸರಿಕಾಣುತ್ತಿಲ್ಲ. ತಾವು ಏನು ಹೇಳುತ್ತೀರಿ?

ಉತ್ತರ: ಒಂದೂವರೆ ಅಡಿ ಬೇಡ. ಒಂದು ಅಡಿಯವರೆಗೆ ತಗ್ಗಿಸಲು ಸಾಧ್ಯವಿರಬಹುದು. ಆದರೆ ಪಾಯದ ಕಲ್ಲು ಎಲ್ಲಿಗೆ ಮುಗಿಯುತ್ತದೆ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಎರಡು ಸಂಗತಿಗಳನ್ನು ಕಣ್ಣಾರೆ ನೋಡಿ ತಿಳಿಯುವವರೆಗೆ ಒಂದು ಬುಟ್ಟಿ ಮಣ್ಣನ್ನೂ ತೆಗೆಯಬೇಡಿ. ದೊಡ್ಡಪ್ಪನವರ ಹಿಂಜರಿಕೆಗೆ ಗಟ್ಟಿಯಾದ ಕಾರಣವಿದೆ.

ನೆಲದ ಕೆಳಗೆ ತುಂಬಿರುವ ಮಣ್ಣನ್ನು ಬರೀ ಭರ್ತಿ ಎಂದು ತಿಳಿಯುವವರು ಬಹಳ. ವಾಸ್ತವದಲ್ಲಿ ಅದು ಎರಡು ಕೆಲಸಗಳನ್ನು ಮಾಡುತ್ತಿರುತ್ತದೆ. ಪಾಯದ ಕಲ್ಲುಗಳನ್ನು ಒಳಗಿನಿಂದ ಒತ್ತಿ ಹಿಡಿದು ಅವು ಜಾರದಂತೆ ನೋಡಿಕೊಳ್ಳುವುದು ಒಂದು. ಮನೆಯ ಒಳಭಾಗವನ್ನು ಅಂಗಳದ ತೇವದಿಂದ ಮೇಲಕ್ಕೆ ಎತ್ತಿ ಇಡುವುದು ಇನ್ನೊಂದು. ನಿಮ್ಮಂಥ ಮಣ್ಣಿನ ಗೋಡೆಯ ಮನೆಯಲ್ಲಿ ಎರಡನೆಯದು ಪ್ರಾಣದಷ್ಟು ಮುಖ್ಯ, ಏಕೆಂದರೆ ಒಣಗಿದ ಮಣ್ಣಿನ ಗೋಡೆ ಅಟ್ಟವನ್ನೂ ಮಾಡನ್ನೂ ನೂರು ವರ್ಷ ಹೊರಬಲ್ಲದು, ಆದರೆ ಬುಡ ನೆನೆದ ಮಣ್ಣಿನ ಗೋಡೆ ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಂಡು ತನ್ನ ಭಾರವನ್ನೇ ತಡೆಯಲಾರದ ಸ್ಥಿತಿಗೆ ಬರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಿಮ್ಮ ತಾಲ್ಲೂಕಿನಲ್ಲಿಯೇ ಇದೆ. ಅಂಥ ಸೀಮೆಯಲ್ಲಿ ಮನೆ ಕಟ್ಟಿದವರು ಪಾಯವನ್ನು ಎರಡೂವರೆ ಅಡಿ ಮೇಲೆತ್ತಿದ್ದು ಅಂದಕ್ಕಾಗಿ ಅಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ನೆಲವನ್ನು ಒಂದೂವರೆ ಅಡಿ ತಗ್ಗಿಸಬೇಕಾದರೆ ಒಂದೂವರೆ ಅಡಿ ಅಗೆದರೆ ಸಾಲದು. ಹೊಸ ನೆಲಕ್ಕೆ ಅಡಿಯಲ್ಲಿ ಜಲ್ಲಿಯ ಪದರ 4 ಅಂಗುಲ, ಅದರ ಮೇಲೆ ಕಾಂಕ್ರೀಟ್ 4 ಅಂಗುಲ, ಗಾರೆ ಮತ್ತು ಟೈಲ್ಸ್ ಸೇರಿ 2 ಅಂಗುಲ ಬೇಕಾಗುವುದರಿಂದ, ಈಗಿನ ನೆಲದ ಮೇಲ್ಮೈಯಿಂದ 28 ಅಂಗುಲ ಕೆಳಗಿಳಿಯಬೇಕಾಗುತ್ತದೆ. ನಿಮ್ಮ ಪಾಯ ಅಂಗಳದಿಂದ 30 ಅಂಗುಲ ಎತ್ತರವಿದೆ. ಅಂದರೆ ಅಗೆತದ ತಳ ಅಂಗಳದ ಮಟ್ಟಕ್ಕೆ ಕೇವಲ 2 ಅಂಗುಲ ಮೇಲೆ ಉಳಿಯುತ್ತದೆ, ಮುಗಿದ ನೆಲ ಅಂಗಳಕ್ಕಿಂತ ಒಂದೇ ಅಡಿ ಎತ್ತರದಲ್ಲಿರುತ್ತದೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಸುತ್ತಲಿನ ನೆಲಕ್ಕಿಂತ ಮನೆಯ ಪಾಯ ಕನಿಷ್ಠ 45 ಸೆಂಟಿಮೀಟರ್, ಎಂದರೆ ಒಂದೂವರೆ ಅಡಿ, ಎತ್ತರವಿರಬೇಕು ಎನ್ನುತ್ತದೆ. ಒಂದು ಅಡಿ ಮಾತ್ರ ತಗ್ಗಿಸಿದರೆ ಆ ಒಂದೂವರೆ ಅಡಿ ನಿಮಗೆ ಉಳಿಯುತ್ತದೆ, ಅಗೆತವೂ 22 ಅಂಗುಲಕ್ಕೆ ನಿಲ್ಲುತ್ತದೆ, ತೊಲೆಯ ಅಡಿಯಲ್ಲಿ 8 ಅಡಿ ಎತ್ತರ ಸಿಗುತ್ತದೆ. ಇದೇ ಸಂಹಿತೆ ಹೊಸ ಮನೆಗಳ ವಾಸದ ಕೋಣೆಗೆ ಹೇಳುವ ಎತ್ತರ 2.75 ಮೀಟರ್, ಸುಮಾರು 9 ಅಡಿ. ಅಷ್ಟನ್ನು ಈ ಮನೆಯಿಂದ ಅಪೇಕ್ಷಿಸುವುದು ನ್ಯಾಯವಲ್ಲ. 8 ಅಡಿಗೂ ತೂಗುಫ್ಯಾನ್ ಕ್ಷೇಮವಲ್ಲ. ಗೋಡೆಯ ಫ್ಯಾನಿಗೆ ಈಗಲೇ ಮನಸ್ಸು ಮಾಡುವುದು ಒಳ್ಳೆಯದು.

ಈ ಲೆಕ್ಕವನ್ನು ಅಂತಿಮವೆಂದು ಹಿಡಿಯುವ ಮೊದಲು ಮನೆಯ ಹಿಂಬದಿಗೆ ಹೋಗಿ ನೋಡಿ. ಮಲೆನಾಡಿನ ಬಹುತೇಕ ಮನೆಗಳು ಗುಡ್ಡದ ಇಳಿಜಾರನ್ನು ಕಡಿದು ಮಾಡಿದ ತಟ್ಟಿನಲ್ಲಿ ನಿಂತಿರುತ್ತವೆ. ಮುಂದೆ ಅಂಗಳದಿಂದ ಎರಡೂವರೆ ಅಡಿ ಎತ್ತರ ಕಾಣುವ ಪಾಯ, ಹಿಂದೆ ದರೆಯ, ಎಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆಯ, ಬದಿಯಲ್ಲಿ ಅರ್ಧ ಅಡಿಯೂ ಕಾಣದೆ ಇರುವುದುಂಟು. ದರೆ ಕುಸಿದ ಮಣ್ಣು, ವರ್ಷ ವರ್ಷ ಬಿದ್ದ ದರಕು (ಒಣಗಿದ ಎಲೆ), ಬಚ್ಚಲ ಪಕ್ಕದಲ್ಲಿ ಸುರಿದ ಕಲ್ಲುಮಣ್ಣು ಎಲ್ಲವೂ ಸೇರಿ ಅಲ್ಲಿನ ನೆಲ ಏರಿರುತ್ತದೆ. ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ನಡುಮನೆಯ ನೆಲಕ್ಕೂ ಹಿಂಬದಿಯ ಚರಂಡಿಯ ತಳಕ್ಕೂ ಇರುವ ಅಂತರವನ್ನು ಅಳೆಯಿರಿ. ಯಾವ ಬದಿಯಲ್ಲಿ ಹೊರಗಿನ ನೆಲ ಅತಿ ಎತ್ತರದಲ್ಲಿದೆಯೋ ಅದೇ ನಿಮ್ಮ ಲೆಕ್ಕದ ಆಧಾರವಾಗಬೇಕು. ಹಿಂಬದಿಯ ಮಣ್ಣನ್ನು ತೆಗೆದು, ದರೆಯ ಬುಡಕ್ಕೂ ಗೋಡೆಗೂ ನಡುವೆ ಚರಂಡಿಯನ್ನು ಪಾಯದ ಬುಡ ಕಾಣದಷ್ಟು ಆಳಕ್ಕೆ ಮಾತ್ರ ಬಿಡಿಸಿ ನೀರು ಸರಾಗವಾಗಿ ಹರಿಯುವಂತೆ ಮಾಡಿದರೆ, ನೆಲ ತಗ್ಗಿಸಿದರೂ ತಗ್ಗಿಸದಿದ್ದರೂ ಮನೆಗೆ ಉಪಕಾರವೇ.

ಅನಂತರ ಗುಂಡಿ ತೋಡಿ ನೋಡುವ ಕೆಲಸ. ಕೋಣೆಯ ಎರಡು ಗೋಡೆಗಳ ನಡುಭಾಗದಲ್ಲಿ, ಮೂಲೆಗಳಿಂದ ದೂರದಲ್ಲಿ, ಎರಡಡಿ ಚೌಕದ ಒಂದೊಂದು ಗುಂಡಿಯನ್ನು ಗೋಡೆಗೆ ಒತ್ತಿಕೊಂಡಂತೆ ನಿಧಾನವಾಗಿ ಕೈಯಲ್ಲೇ ಅಗೆಸಿ. ಮೊದಲ ಅರ್ಧ ಅಡಿಯಲ್ಲಿಯೇ ನಿಮಗೆ ಒಂದು ಒಳ್ಳೆಯ ಸುದ್ದಿ ಸಿಗಬಹುದು. ಇಂಥ ಮನೆಗಳಲ್ಲಿ ಮೊದಲು ಸಗಣಿ ಸಾರಿಸಿದ ಮಣ್ಣಿನ ನೆಲವಿತ್ತು. ಮುಂದೆ ಯಾರೋ ಅದರ ಮೇಲೆಯೇ ಜಲ್ಲಿ ಹಾಕಿ ಕೆಂಪು ಗಾರೆ ಮಾಡಿಸಿದರು. ಅದು ಬಿರುಕು ಬಿಟ್ಟಾಗ ಕೆಲವರು ಅದನ್ನು ಕೀಳದೆ ಮೇಲೆಯೇ ಮೊಸಾಯಿಕ್ಕೋ ಟೈಲ್ಸೋ ಹಾಸಿದರು. ಹೀಗೆ ಪದರದ ಮೇಲೆ ಪದರ ಬಂದು ನೆಲ 4ರಿಂದ 6 ಅಂಗುಲ ಏರಿರುವ ಮನೆಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹೊಸ್ತಿಲ ಮರ ನೆಲದಲ್ಲಿ ಅರ್ಧ ಹೂತಂತೆ ಕಂಡರೆ, ಕಂಬದ ಅಡಿಗಲ್ಲಿನ ಕೆತ್ತನೆ ನೆಲದೊಳಗೆ ಮುಳುಗಿದ್ದರೆ, ನಿಮ್ಮಲ್ಲೂ ಹೀಗೆಯೇ ಆಗಿದೆ ಎಂದರ್ಥ. ಆ ಪದರಗಳನ್ನು ತೆಗೆದು ಮೂಲದ ಮಟ್ಟಕ್ಕೆ ನೆಲವನ್ನು ಹಿಂದಿರುಗಿಸುವುದರಲ್ಲಿ ಪಾಯಕ್ಕೆ ಭಯವಿಲ್ಲ.

ಗುಂಡಿಯಲ್ಲಿ ಕಲ್ಲಿನ ಕಟ್ಟಡ ಎಷ್ಟು ಆಳಕ್ಕೆ ಹೋಗಿದೆ, ಅದು ಗೋಡೆಗಿಂತ ಎಷ್ಟು ಅಗಲವಾಗಿದೆ, ಕಲ್ಲುಗಳ ನಡುವೆ ಸುಣ್ಣದ ಗಾರೆಯಿದೆಯೇ ಅಥವಾ ಬರೀ ಕೆಸರುಮಣ್ಣಿದೆಯೇ, ತಳದಲ್ಲಿ ಸಿಕ್ಕಿದ್ದು ಗಟ್ಟಿ ಜಂಬಿಟ್ಟಿಗೆಯೇ ಅಥವಾ ಸಡಿಲ ಮಣ್ಣೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಭಾರತೀಯ ಮಾನಕದ ಪ್ರಕಾರ ಪಾಯ ಸಹಜ ನೆಲದಿಂದ ಕನಿಷ್ಠ 50 ಸೆಂಟಿಮೀಟರ್ ಆಳದಲ್ಲಿ ಕೂರಬೇಕು. ಹಳೆಯ ಮನೆಗಳಲ್ಲಿ ಒಳಗೋಡೆಗಳು, ಅದರಲ್ಲೂ ಮುಂದೆ ಎಂದೋ ಸೇರಿಸಿದ ಅಡ್ಡಗೋಡೆಗಳು, ತುಂಬಿದ ಮಣ್ಣಿನ ಮೇಲೆಯೇ ನಿಂತಿರುವುದು ಅಪರೂಪವಲ್ಲ. ಅಂಥ ಒಂದು ಗೋಡೆ ಸಿಕ್ಕರೂ ಆ ಬದಿಯಲ್ಲಿ ಅಗೆತದ ವಿಚಾರವನ್ನೇ ಕೈಬಿಡಿ. ನೋಡಿದ ಮೇಲೆ ಗೋಡೆಗೆ ಒತ್ತಿದ ಗುಂಡಿಗಳನ್ನು ಅದೇ ಮಣ್ಣಿನಿಂದ ಪದರ ಪದರವಾಗಿ ದಿಮ್ಮಸು ಹಾಕಿ (ಬಡಿದು ಗಟ್ಟಿಮಾಡಿ) ಮುಚ್ಚಿಸಿ. ಕೋಣೆಯ ನಡುವೆ ಮಾತ್ರ ಎರಡೂವರೆ ಅಡಿ ಆಳದ ಇನ್ನೊಂದು ಗುಂಡಿ ತೋಡಿ, ಮೇಲೆ ಹಲಗೆ ಮುಚ್ಚಿ, ಒಂದು ಮಳೆಗಾಲ ಹಾಗೆಯೇ ಬಿಡಿ. ಆಷಾಢ ಶ್ರಾವಣಗಳಲ್ಲಿ ಹಲಗೆ ಸರಿಸಿ ನೋಡಿದಾಗ ತಳದಲ್ಲಿ ಒರತೆಯ ನೀರು ನಿಂತಿದ್ದರೆ ಉತ್ತರ ನಿಮಗೇ ಸಿಕ್ಕಿತು. ಒಂದು ವರ್ಷ ತಡವಾಗುತ್ತದೆಂದು ಮೇಸ್ತ್ರಿಯವರು ಬೇಸರಿಸಬಹುದು. ಆದರೆ ಮಾಘಮಾಸದಲ್ಲಿ ಒಣಗಿ ಧೂಳೇಳುವ ಮಣ್ಣನ್ನು ನೋಡಿ ಮಲೆನಾಡಿನ ನೆಲದ ಬಗ್ಗೆ ತೀರ್ಮಾನ ಮಾಡುವುದಕ್ಕೆ ನಾನು ಎಂದಿಗೂ ಒಪ್ಪಲಾರೆ.

ಇಷ್ಟೆಲ್ಲ ಅನುಕೂಲವಾಗಿ ಬಂದರೆ, ಕೆಲಸವನ್ನು ಹೀಗೆ ಮಾಡಿಸಿ. ಗೋಡೆಯ ಬುಡದವರೆಗೆ ಅಗೆಯದೆ, ನಾಲ್ಕೂ ಬದಿಯಲ್ಲಿ ಒಂದೂವರೆ ಅಡಿ ಅಗಲದ ಮಣ್ಣನ್ನು ಹಾಗೆಯೇ ಉಳಿಸಿ, ನಡುಭಾಗವನ್ನು ಮಾತ್ರ ತಗ್ಗಿಸಿ. ಉಳಿದ ಮಣ್ಣಿಗೆ ಇಟ್ಟಿಗೆಯ ತೆಳುಗೋಡೆ ಕಟ್ಟಿ ಗಾರೆ ಮಾಡಿದರೆ ಅದೇ ಒಳಜಗಲಿಯಾಗುತ್ತದೆ. ಮಲೆನಾಡಿನ ಮನೆಗೆ ಜಗಲಿ ಹೊಸದೇನಲ್ಲ. ಹೊರಗಿನ ಜಗಲಿಯ ಮಣ್ಣು ಗೋಡೆಯ ಬುಡವನ್ನು ಒಳಮುಖವಾಗಿ ತಳ್ಳುತ್ತಿರುತ್ತದೆ, ಒಳಗಿನ ಮಣ್ಣನ್ನು ಪೂರ್ತಿ ತೆಗೆದರೆ ಆ ತಳ್ಳುವಿಕೆಗೆ ಎದುರು ಒತ್ತು ಕೊಡುವವರೇ ಇಲ್ಲದಂತಾಗುತ್ತದೆ. ಕೋಣೆಯಲ್ಲಿ ಕಂಬವಿದ್ದರೆ ಅದರ ಅಡಿಗಲ್ಲಿನ ಸುತ್ತಲೂ ಇದೇ ರೀತಿ ಕಟ್ಟೆ ಉಳಿಸಿ, ಅಗೆತ ಆರಂಭಿಸುವ ಮೊದಲೇ ಕಂಬದ ಎರಡೂ ಬದಿಯಲ್ಲಿ ತೊಲೆಗೆ ಜಾಕಿ ಕೊಡಿಸಿ. ಜಾಕಿಗಳು ದಪ್ಪ ಹಲಗೆಯ ಮೇಲೆ ನಿಲ್ಲಬೇಕು, ಬಿಗಿಗೊಳಿಸುವಾಗ ತೊಲೆ ಒಂದು ಕೂದಲಿನಷ್ಟೂ ಮೇಲೇಳಬಾರದು. ಗೋಡೆಯಿಂದ ಗೋಡೆಗೆ ಅಗೆದರೆ 350 ಘನ ಅಡಿ, ತೂಕದಲ್ಲಿ ಹದಿನೇಳು ಟನ್ನಿನಷ್ಟು ಮಣ್ಣು ಹೊರಬರುತ್ತದೆ. ಸುತ್ತ ಜಗಲಿ ಉಳಿಸಿದರೆ ಅದು ಹೆಚ್ಚುಕಡಿಮೆ 215 ಘನ ಅಡಿಗೆ ಇಳಿಯುತ್ತದೆ. ಆ ಮಣ್ಣನ್ನು ಗೋಡೆಯ ಹೊರಬದಿಗೆ ರಾಶಿ ಹಾಕಲು ಬಿಡಬೇಡಿ. ಡಿಸೆಂಬರಿನಿಂದ ಮಾರ್ಚಿಯೊಳಗೆ ಎಲ್ಲ ಮುಗಿಯಬೇಕು.

ಹೊಸ ನೆಲದ ಬಗ್ಗೆ ಒಂದು ಎಚ್ಚರಿಕೆಯ ಮಾತಿದೆ. ಜಲ್ಲಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಹಾಕುವುದು ಈಗಿನ ವಾಡಿಕೆ. ಇಟ್ಟಿಗೆ ಸಿಮೆಂಟಿನ ಮನೆಗೆ ಅದು ಸರಿ. ಮಣ್ಣಿನ ಗೋಡೆಯ ಮನೆಯಲ್ಲಿ, ನೆಲದಿಂದ ಆವಿಯಾಗಿ ಹೋಗುತ್ತಿದ್ದ ತೇವಕ್ಕೆ ದಾರಿ ಮುಚ್ಚಿದರೆ ಅದು ಬದಿಗೆ ಸರಿದು ಗೋಡೆಯನ್ನು ಏರುತ್ತದೆ, ಕೆಲವೇ ಮಳೆಗಾಲಗಳಲ್ಲಿ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಕಾಣಿಸಿ ಮಣ್ಣು ಉದುರಲಾರಂಭಿಸುತ್ತದೆ. ಆದ್ದರಿಂದ ನಡುಭಾಗಕ್ಕೆ ಪ್ಲಾಸ್ಟಿಕ್ ಹಾಕಿದರೂ ಗೋಡೆಯ ಪಕ್ಕದ ಜಗಲಿಗೆ ಸಿಮೆಂಟ್ ತಾಗಿಸದೆ ಸುಣ್ಣದ ಗಾರೆಯಲ್ಲೇ ಮುಗಿಸಿ.

ಬಾಗಿಲುಗಳ ವಿಚಾರವನ್ನು ಮೇಸ್ತ್ರಿಯವರು ನಿಮಗೆ ಹೇಳಿರಲಾರರು. ನೆಲ ತಗ್ಗಿದ ಮಾತ್ರಕ್ಕೆ ಬಾಗಿಲ ಎತ್ತರ ಹೆಚ್ಚುವುದಿಲ್ಲ. ಚೌಕಟ್ಟು ಹೊಸ್ತಿಲ ಸಮೇತ ಗೋಡೆಯಲ್ಲಿ ಕೂತಿರುತ್ತದೆ, ಅದನ್ನು ಕಿತ್ತು ಇಳಿಸುವುದು ಮಣ್ಣಿನ ಗೋಡೆಗೆ ದೊಡ್ಡ ಪೆಟ್ಟು. ಹಾಗಾಗಿ ಐದೂವರೆ ಅಡಿಯ ಬಾಗಿಲಲ್ಲಿ ತಲೆ ಬಗ್ಗಿಸಿ ದಾಟುವ ಕ್ಷಣದಲ್ಲಿಯೇ ಕಾಲ ಕೆಳಗೆ ಒಂದು ಅಡಿ ತಗ್ಗು ಎದುರಾಗುತ್ತದೆ. ಪ್ರತಿ ಬಾಗಿಲಿಗೂ ಆರಾರು ಅಂಗುಲದ ಎರಡು ಮೆಟ್ಟಿಲು, ಮೆಟ್ಟಿಲಿಗೆ ಮೊದಲು ನಿಲ್ಲಲು ಸ್ವಲ್ಪ ಸಮತಟ್ಟು ಜಾಗ, ಕೈಗೆ ಸಿಗುವಂತೆ ಹಿಡಿಕೆ, ರಾತ್ರಿ ಉರಿಯುವ ಸಣ್ಣ ದೀಪ ಇವಿಷ್ಟೂ ಬೇಕು. ದೊಡ್ಡಪ್ಪನವರ ವಯಸ್ಸಿನವರಿರುವ ಮನೆಯಲ್ಲಿ ಎತ್ತರಕ್ಕಿಂತ ಇದು ಮುಖ್ಯವೆಂದು ನಿಮಗೆ ತೋರಿದರೆ, ಹಳೆಯ ಪದರಗಳನ್ನು ಮಾತ್ರ ತೆಗೆದು ನಾಲ್ಕೈದು ಅಂಗುಲಕ್ಕೆ ತೃಪ್ತರಾಗುವುದೇ ಮೇಲು ಎಂದು ನನ್ನ ಅಭಿಪ್ರಾಯ. ಬದಲಿಗೆ ತೊಲೆಯನ್ನೋ ಜಂತೆಗಳನ್ನೋ ಕತ್ತರಿಸಿ ಅಟ್ಟವನ್ನು ತೆಗೆಯುವ ಯೋಚನೆಯನ್ನಂತೂ ಮಾಡಬೇಡಿ. ಎದುರುಬದುರು ಗೋಡೆಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವುದು ಅವುಗಳೇ.

ಪ್ರಶ್ನೆ: ಬೆಂಗಳೂರಿನ ಬಸವನಗುಡಿಯಲ್ಲಿ ನಮ್ಮದು ಹಳೆಯ ಇಟ್ಟಿಗೆ ಗೋಡೆಯ ಮನೆ, ಸೈಜುಗಲ್ಲಿನ ಪಾಯ, ಮದ್ರಾಸ್ ತಾರಸಿ. ಮನೆಯ ನೆಲ ರಸ್ತೆಗಿಂತ ಎರಡಡಿ ಎತ್ತರವಿದೆ. ಮುಂದಿನ ಕೋಣೆಯ ನೆಲವನ್ನು ರಸ್ತೆಯ ಮಟ್ಟಕ್ಕೆ ತಗ್ಗಿಸಿ, ಮುಂಗೋಡೆಯನ್ನು ಒಡೆದು ಕಾರು ನಿಲ್ಲಿಸಲು ಜಾಗ ಮಾಡಬೇಕೆಂದಿದ್ದೇವೆ. ಒಂದು ಬದಿಯ ಗೋಡೆ ಪಕ್ಕದ ಮನೆಯವರಿಗೂ ನಮಗೂ ಸೇರಿದ್ದು. ಸಾಧ್ಯವೇ?

ಉತ್ತರ: ನೀವು ಕೇಳುತ್ತಿರುವುದು ಒಂದು ಕೆಲಸವಲ್ಲ, ಎರಡು, ಅವುಗಳಲ್ಲಿ ನೆಲ ತಗ್ಗಿಸುವುದೇ ಸುಲಭದ್ದು. ಮದ್ರಾಸ್ ತಾರಸಿಯಲ್ಲಿ ಮರದ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಜೋಡಿಸಿರುತ್ತಾರೆ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟ್ ಇರುತ್ತದೆ. ಇದು ಬಹಳ ಭಾರದ ಛಾವಣಿ, ಅಡಿಯ ಗೋಡೆ ಸ್ವಲ್ಪ ಕುಗ್ಗಿದರೂ ಬಿರುಕು ಬಿಟ್ಟು ಸೋರಲಾರಂಭಿಸುತ್ತದೆ. ಜಂತೆಗಳ ತುದಿ ಮುಂಗೋಡೆಯ ಮೇಲೆ ಕೂತಿದೆಯೇ ಅಥವಾ ಪಕ್ಕದ ಗೋಡೆಗಳ ಮೇಲೆ ಕೂತಿದೆಯೇ ಎಂಬುದನ್ನು ಮೊದಲು ನೋಡಿ. ಮುಂಗೋಡೆಯ ಮೇಲಿದ್ದರೆ ಕಾರು ಬರುವಷ್ಟು ಅಗಲದ ಬಾಯಿ ತೆಗೆಯಲು ಉಕ್ಕಿನ ತೊಲೆ, ಅದಕ್ಕೆ ಎರಡು ಬದಿಯಲ್ಲಿ ಕಂಬ, ಕಂಬಗಳಿಗೆ ಹೊಸ ಪಾಯ ಬೇಕು. ಪಕ್ಕದ ಗೋಡೆಗಳ ಮೇಲಿದ್ದರೆ, ಅವುಗಳಲ್ಲಿ ಒಂದು ಪಕ್ಕದವರದೂ ಆಗಿದೆ.

ಆ ಜಂಟಿ ಗೋಡೆಯ ಆಚೆ ಅವರ ಮನೆಯ ನೆಲದ ಮಣ್ಣು ಎರಡಡಿ ಎತ್ತರಕ್ಕೆ ಹಾಗೆಯೇ ಉಳಿದಿರುತ್ತದೆ. ನಿಮ್ಮ ಕಡೆಯ ಮಣ್ಣನ್ನು ತೆಗೆದ ದಿನದಿಂದ ಆ ಗೋಡೆಯ ಬುಡ ಮಣ್ಣು ತಡೆಯುವ ಗೋಡೆಯೂ ಆಗಿ ಕೆಲಸ ಮಾಡಬೇಕಾಗುತ್ತದೆ. ಅದನ್ನು ಕಟ್ಟಿದ್ದು ಆ ಉದ್ದೇಶಕ್ಕಲ್ಲ. ಸೈಜುಗಲ್ಲಿನ ಪಾಯ ಸಾಕಷ್ಟು ಆಳವಿಲ್ಲವೆಂದು ಕಂಡುಬಂದರೆ ಅದರ ಅಡಿಗೆ ಕಾಂಕ್ರೀಟಿನ ಒತ್ತು ಕೊಡಬೇಕಾಗುತ್ತದೆ. ಇಂಜಿನಿಯರುಗಳು ಅಂಡರ್‌ಪಿನ್ನಿಂಗ್ ಎನ್ನುವ ಈ ಕೆಲಸದಲ್ಲಿ ಗೋಡೆಯ ಉದ್ದಕ್ಕೂ ಒಮ್ಮೆಗೇ ಅಗೆಯುವುದಿಲ್ಲ. ಮೂರು ಮೂರು ಅಡಿಯ ತುಂಡುಗಳಾಗಿ ಗುರುತು ಮಾಡಿ, ಅಕ್ಕಪಕ್ಕದ ತುಂಡುಗಳನ್ನು ಮುಟ್ಟದೆ, ಒಂದನ್ನು ಅಗೆದು ಕಾಂಕ್ರೀಟ್ ಹಾಕಿ, ಅದು ಗಟ್ಟಿಯಾದ ಮೇಲೆ ಹಳೆಯ ಕಲ್ಲಿಗೂ ಹೊಸ ಕಾಂಕ್ರೀಟಿಗೂ ನಡುವೆ ಉಳಿದ ಎರಡು ಮೂರು ಅಂಗುಲದ ಸಂದಿಗೆ ತೇವ ಕಡಿಮೆಯಿರುವ ಗಾರೆಯನ್ನು ಬಡಿದು ಬಡಿದು ತುಂಬಿದ ನಂತರವೇ ಇನ್ನೊಂದಕ್ಕೆ ಕೈ ಹಾಕಬೇಕು. ಇದು ಕಟ್ಟಡ ವಿನ್ಯಾಸದ ಇಂಜಿನಿಯರರ ನಕ್ಷೆಯಿಲ್ಲದೆ, ನಗರಪಾಲಿಕೆಯ ಅನುಮತಿಯಿಲ್ಲದೆ, ಪಕ್ಕದವರ ಲಿಖಿತ ಒಪ್ಪಿಗೆಯಿಲ್ಲದೆ ಆರಂಭಿಸುವ ಕೆಲಸವಲ್ಲ. ಆರಂಭಿಸುವ ಮೊದಲು ಎರಡೂ ಮನೆಗಳಲ್ಲಿ ಈಗಾಗಲೇ ಇರುವ ಬಿರುಕುಗಳ ಚಿತ್ರ ತೆಗೆದು ಇಬ್ಬರೂ ಸಹಿ ಮಾಡಿ ಇಟ್ಟುಕೊಳ್ಳುವುದು ನೆರೆಹೊರೆಯ ಬಾಂಧವ್ಯಕ್ಕೂ ಒಳ್ಳೆಯದು.

ನೀರಿನ ಮಾತನ್ನೂ ಹೇಳಬೇಕು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತಲೇ ಹೋಗುವುದನ್ನು ಬೆಂಗಳೂರಿನವರು ಬಲ್ಲರು. ಇಂದು ರಸ್ತೆಯ ಮಟ್ಟಕ್ಕೆ ಮಾಡಿದ ನೆಲ ಮುಂದೆ ರಸ್ತೆಗಿಂತ ಕೆಳಗಾಗುತ್ತದೆ. ಒಳಚರಂಡಿಯ ಮ್ಯಾನ್‌ಹೋಲ್ ತುಂಬಿದಾಗ, ಅದರ ಮುಚ್ಚಳಕ್ಕಿಂತ ಕೆಳಗಿರುವ ಯಾವ ತೂಬಿನಿಂದಲಾದರೂ ಕೊಳಕು ನೀರು ಮನೆಯೊಳಕ್ಕೆ ಹಿಮ್ಮೆಟ್ಟಿ ಬರಬಹುದು. ಹಾಗಾಗಿ ತಗ್ಗಿಸಲೇಬೇಕಾದರೆ ರಸ್ತೆಗಿಂತ ಅರ್ಧ ಅಡಿಯಾದರೂ ಎತ್ತರದಲ್ಲಿ ನಿಲ್ಲಿಸಿ ಇಳಿಜಾರು ಕೊಡಿ, ಬಾಯಿಯ ಉದ್ದಕ್ಕೂ ಕಬ್ಬಿಣದ ಜಾಲರಿಯ ಮೋರಿ ಮಾಡಿಸಿ, ಆ ಕೋಣೆಯಲ್ಲಿ ಒಳಚರಂಡಿಗೆ ಸೇರುವ ತೂಬು ಇಡಬೇಡಿ. ಮನೆಯ ಪಕ್ಕದಲ್ಲೋ ಮುಂದೆಯೋ ಕಾರಿಗೆ ಸಾಲುವಷ್ಟು ತೆರೆದ ಜಾಗವಿದ್ದರೆ, ಇಷ್ಟು ಖರ್ಚಿನ ಕಾಲು ಭಾಗದಲ್ಲಿ ಅಲ್ಲಿಯೇ ಮಾಡು ಹಾಕಿಸಬಹುದು. ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ.

ಪ್ರಶ್ನೆ: ಗದಗ ಜಿಲ್ಲೆಯ ನಮ್ಮ ಹಳ್ಳಿಯ ಹಳೆಯ ಮನೆಯಲ್ಲಿ ಪಡಸಾಲೆಯ ನೆಲ ತಗ್ಗಿಸಲೆಂದು ಹಾಸುಗಲ್ಲು ಕಿತ್ತಾಗ, ಗೋಡೆಯಿಂದ ಮೂರಡಿ ದೂರದಲ್ಲಿ ಕಲ್ಲು ಮುಚ್ಚಿದ ಹಗೇವಿನ (ಧಾನ್ಯ ತುಂಬಿಡಲು ನೆಲದಡಿ ತೋಡಿದ ಗುಂಡಿಯ) ಬಾಯಿ ಸಿಕ್ಕಿದೆ. ಅದು ಅಲ್ಲಿದೆಯೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಕೆಲಸ ಮುಂದುವರಿಸಬಹುದೇ?

ಉತ್ತರ: ಸದ್ಯಕ್ಕೆ ನಿಲ್ಲಿಸಿ, ಹಗೇವಿನೊಳಗೆ ಯಾರನ್ನೂ ಇಳಿಯಲು ಬಿಡಬೇಡಿ. ಜೋಳ ತುಂಬಿ ಮುಚ್ಚಿಟ್ಟ ಹಗೇವಿನಲ್ಲಿ ಕಾಳು ಮತ್ತು ಬೂಷ್ಟು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿಯೇ ನಿಲ್ಲುತ್ತದೆ. ಹೀಗೆ ಇಳಿದವರು ಉಸಿರುಗಟ್ಟಿ ಬಿದ್ದು, ಅವರನ್ನು ಎತ್ತಲು ಇಳಿದವರೂ ಸತ್ತದ್ದುಂಟು. ಬಾಯಿ ತೆರೆದಿಟ್ಟು, ಬ್ಲೋವರಿನಿಂದ ಗಾಳಿ ಊದಿಸಿ, ಮೇಲಿನಿಂದಲೇ ಟಾರ್ಚು ಮತ್ತು ತೂಕ ಕಟ್ಟಿದ ಹಗ್ಗದಿಂದ ಆಳವನ್ನೂ ಅಗಲವನ್ನೂ ಅಂದಾಜು ಮಾಡಿ. ಬಾಯಿ ಚಿಕ್ಕದಾಗಿದ್ದರೂ ಹೊಟ್ಟೆ ಅಗಲವಾಗಿರುವುದು ಹಗೇವಿನ ಲಕ್ಷಣ. ಮೂರಡಿ ದೂರದಲ್ಲಿ ಬಾಯಿ ಇದೆಯೆಂದರೆ ಒಳಗಿನ ಪೊಳ್ಳು ಗೋಡೆಯ ಅಡಿಯವರೆಗೂ ಹೋಗಿರಬಹುದು. ಹಾಗೆಂದು ಕಂಡರೆ ನೆಲ ತಗ್ಗಿಸುವ ಮಾತು ಆಮೇಲೆ, ಮೊದಲು ಆ ಗೋಡೆಯ ಮೇಲಿನ ತೊಲೆಗಳಿಗೆ ಜಾಕಿ ಕೊಡಿಸಿ.

ಹಗೇವನ್ನು ತುಂಬಲು ಹೊಲದ ಎರೆಮಣ್ಣನ್ನು ಖಂಡಿತ ಬಳಸಬೇಡಿ. ನೀರು ಕುಡಿದಾಗ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣು, ನೆಲವನ್ನು ಒಂದು ಮಳೆಗಾಲದಲ್ಲಿ ಎತ್ತಿ ಮರುಬೇಸಿಗೆಯಲ್ಲಿ ಇಳಿಸುತ್ತದೆ. ತಳದಲ್ಲಿ ಕಲ್ಲುಚೂರು, ಅದರ ಮೇಲೆ ಗರಸು (ಕಲ್ಲುಹರಳಿನ ಗಟ್ಟಿ ಮಣ್ಣು), ಅರ್ಧ ಅಡಿಗೊಂದು ಪದರದಂತೆ ಸ್ವಲ್ಪವೇ ನೀರು ಚಿಮುಕಿಸಿ ದಿಮ್ಮಸು ಹಾಕುತ್ತ ಬಾಯಿಯವರೆಗೆ ತುಂಬಿಸಿ. ಒಳಗಿಳಿಯದೆ ದಿಮ್ಮಸು ಹಾಕಲಾಗದಷ್ಟು ಆಳವಿದ್ದರೆ, ತಳಭಾಗಕ್ಕೆ ಮರಳು, ಜಲ್ಲಿ ಮತ್ತು ಅಲ್ಪ ಸಿಮೆಂಟಿನ ತೆಳು ಕಾಂಕ್ರೀಟನ್ನು ಮೇಲಿನಿಂದಲೇ ಸುರಿಸಬಹುದು. ಪಡಸಾಲೆಯ ಉಳಿದ ಭಾಗವನ್ನು ದೊಣ್ಣೆಯಿಂದ ಕುಟ್ಟಿ ನೋಡಿ. ಹಳೆಯ ಕಾಲದ ದೊಡ್ಡ ಕುಟುಂಬದ ಮನೆಯಲ್ಲಿ ಹಗೇವು ಒಂದೇ ಇರಬೇಕೆಂದಿಲ್ಲ, ಟೊಳ್ಳು ಸದ್ದು ಬಂದ ಕಡೆ ಸಣ್ಣ ತೂತು ಕೊರೆದು ಪರೀಕ್ಷಿಸಿ.

ಇನ್ನು ತಗ್ಗಿಸುವ ಆಳದ ಪ್ರಶ್ನೆ. ಎರೆನೆಲದಲ್ಲಿ ಪಾಯದ ಪಕ್ಕದ ಮಣ್ಣಿನ ತೇವ ವರ್ಷವಿಡೀ ಒಂದೇ ಸಮನಾಗಿರುವುದೇ ಗೋಡೆಯ ಕ್ಷೇಮ. ನಿಮ್ಮ ಮನೆಯ ಒಳಗಿನ ಮಣ್ಣು ಇಷ್ಟು ವರ್ಷ ಹಾಸುಗಲ್ಲಿನ ಅಡಿಯಲ್ಲಿ ಹಾಗೆ ಇತ್ತು. ಅದನ್ನು ಬೇಸಿಗೆಯಲ್ಲಿ ತೆರೆದು ತಿಂಗಳುಗಟ್ಟಲೆ ಬಿಟ್ಟರೆ ಒಣಗಿ ಕುಗ್ಗಿ ಗೋಡೆಯನ್ನು ತನ್ನ ಕಡೆಗೆ ವಾಲಿಸಿಕೊಳ್ಳುತ್ತದೆ. ಆದ್ದರಿಂದ ಹಾಸುಗಲ್ಲಿನ ಅಡಿಯ ಅರ್ಧ ಅಡಿಯನ್ನು ಮಾತ್ರ ತೆಗೆದು, ಗರಸು ಹಾಸಿ, ಅದೇ ಕಲ್ಲುಗಳನ್ನು ಬೇಗ ಮರಳಿ ಕೂರಿಸಿ. ಗೋಡೆಯಲ್ಲಿ ಈಗಾಗಲೇ ಬಿರುಕಿದ್ದರೆ ಅದರ ಎರಡು ಬದಿಗೂ ಪೆನ್ಸಿಲಿನಿಂದ ಗುರುತು ಹಾಕಿ, ತುದಿಯಲ್ಲಿ ದಿನಾಂಕ ಬರೆದು, ವಾರಕ್ಕೊಮ್ಮೆ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ ತೆಗೆದ ಮಣ್ಣಿನ ಜಾಗಕ್ಕೆ ಗರಸು ತುಂಬಿ ದಿಮ್ಮಸು ಹಾಕಿಸಿ, ಜಿಲ್ಲಾ ಕೇಂದ್ರದಿಂದ ಒಬ್ಬ ಅನುಭವಿ ಕಟ್ಟಡ ಇಂಜಿನಿಯರರನ್ನು ಕರೆಸಿ ತೋರಿಸಿದ ನಂತರವೇ ಮುಂದಿನ ಕೆಲಸ.